ಕಲ್ಲಿನ ಅಕ್ಷರ, ಮಕ್ಕಳ ಬೆರಳು

ಬೇಗೂರಿನ ನಾಗೇಶ್ವರ ದೇವಾಲಯವನ್ನು ಒಮ್ಮೆಯೂ ಕಾಣದ ಶಿವಭಕ್ತರು ದಕ್ಷಿಣ ಬೆಂಗಳೂರಿನಲ್ಲಿ ವಿರಳವೆಂದೇ ಹೇಳಬೇಕು. ಐದು ಲಿಂಗಗಳ ಸನ್ನಿಧಿಯಾದ ಕಾರಣ ಪಂಚಲಿಂಗೇಶ್ವರವೆಂದೂ ಕರೆಯಲ್ಪಡುವ ಈ ದೇಗುಲದ ಮೂಲ ಗುಡಿಗಳು ಗಂಗರ ಕಾಲದವು. ಉಳಿದವು ಅನಂತರ ಚೋಳರ ಕಾಲದಲ್ಲಿ ಕೂಡಿಕೊಂಡವು. ಈ ಆವರಣದಲ್ಲಿ ಒಂದು ಶಾಸನಶಿಲೆಯಿದೆ. ಕ್ರಿ.ಶ. ೮೯೦ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ ಈ ಕಲ್ಲು, ನಾಗತ್ತರನೆಂಬ ಗಂಗರ ಅಧಿಕಾರಿಯ ಕಡೆಯವರು 'ಬೆಂಗಳೂರ ಕಾಳಗ'ದಲ್ಲಿ ಮಡಿದ ಸಂಗತಿಯನ್ನು ಹಳಗನ್ನಡದಲ್ಲಿ ಹೇಳುತ್ತದೆ. ಇದನ್ನು ಗುರುತಿಸಿ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ದಾಖಲಿಸಿದವರು ಪ್ರಾಕ್ತನ ವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಕಥೆ ಸೊಗಸಾದದ್ದೇ. ಆದರೆ ಆ ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ, ಕೆಂಪೇಗೌಡರು ೧೫೩೭ರಲ್ಲಿ ಕೋಟೆ ಕಟ್ಟುವುದಕ್ಕಿಂತ ಆರು ಶತಮಾನಗಳಿಗೂ ಹಿಂದೆ, ಬೆಂಗಳೂರೆಂಬ ಹೆಸರು ಜನರ ನಾಲಿಗೆಯ ಮೇಲಿತ್ತೆಂಬುದಕ್ಕೆ ಬೇಗೂರಿನ ಈ ಕಲ್ಲು ಸಾಕ್ಷಿ.

ದೊಡ್ಡವರು ಇಷ್ಟನ್ನು ವಿವರಿಸಿದ ಮೇಲೆ ಮಕ್ಕಳು ಕೇಳುವ ಮೊದಲ ಪ್ರಶ್ನೆ ಮಾತ್ರ ಬೇರೆಯೇ: "ಇದು ಯಾವ ಭಾಷೆ?" ಕನ್ನಡವೆಂದರೆ ನಂಬುವುದಿಲ್ಲ. ಸಾವಿರದ ನೂರು ವರ್ಷಗಳ ಹಿಂದಿನ ಲಿಪಿಯಾದ್ದರಿಂದ ಅದರಲ್ಲಿ ಅವರ ತಪ್ಪೇನೂ ಇಲ್ಲ. ಚಿಂತೆಗೆ ಕಾರಣವಾಗಿರುವುದು, ಅದೇ ಮಕ್ಕಳಲ್ಲಿ ಹಲವರು ದೇಗುಲದ ಹೊರಗಿನ ಇಂದಿನ ಕನ್ನಡ ಫಲಕದ ಮುಂದೆ ನಿಂತರೂ ಇದೇ ಪ್ರಶ್ನೆ ಕೇಳುವಂತಾಗಿರುವುದು.

ನಮ್ಮ ಮನೆಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಬಸವ ಜಯಂತಿಯ ವಚನ ಕಂಠಪಾಠ ಸ್ಪರ್ಧೆಗೆ ಬರುವ ಮಗುವಿನ ಕೈಯಲ್ಲಿರುವ ಚೀಟಿಯನ್ನು ಇಣುಕಿ ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಅಣ್ಣನವರ ವಚನವು ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿರುತ್ತದೆ. ಮಗು ಕನ್ನಡ ಮಾತನಾಡಬಲ್ಲದು, ಆದರೆ ಓದಲಾರದು. ತಾಯಿತಂದೆಗಳಿಗೆ ಇದು ಅನಿವಾರ್ಯದ ಉಪಾಯ. ಅವರನ್ನು ದೂರಿ ಫಲವಿಲ್ಲ. ಆದರೆ ಆ ಲಿಪಿಯಲ್ಲಿ ಏನು ಕಳೆದುಹೋಗುತ್ತದೆಂಬುದನ್ನು ಗಮನಿಸಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಹುಲಿಗೂ ಹುಳಿಗೂ ಭೇದವಿಲ್ಲ. ಕಲೆಯೂ ಕಳೆಯೂ ಒಂದೇ. ಮಲೆ ಯಾವುದು, ಮಳೆ ಯಾವುದೆಂಬುದು ತಿಳಿಯದು. ಬೆಳೆಯಾವುದೋ ಬೇಳೆಯಾವುದೋ ಓದುವವನ ಊಹೆಗೆ ಬಿಟ್ಟದ್ದು. ವಚನಗಳ ಬಲವೆಲ್ಲ ಅಡಗಿರುವುದು ಒಂದು ಮಾತಿಗೆ ಇನ್ನೊಂದು ಮಾತು ತಾಗಿ ಹುಟ್ಟುವ ನಾದದಲ್ಲಿ. ಆ ನಾದವೇ ಮಂಕಾದರೆ ಮಗುವಿನ ಬಾಯಿಯಿಂದ ಬರುವುದು ವಚನದ ನೆರಳಷ್ಟೇ.

ಶಾಲೆಯೇ ಇದನ್ನು ಸರಿಪಡಿಸಲಿ ಎಂದು ಕಾಯುವುದು ಸುಲಭ. ೨೦೧೪ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರಲಾಗದೆಂದು ತೀರ್ಪಿತ್ತಿತು. ಮರುವರ್ಷ, ೨೦೧೫ರಲ್ಲಿ, ರಾಜ್ಯವು ಕನ್ನಡ ಭಾಷಾ ಕಲಿಕೆ ಅಧಿನಿಯಮವನ್ನು ತಂದು, ಕನ್ನಡವನ್ನು ಒಂದು ಭಾಷೆಯಾಗಿಯಾದರೂ ಎಲ್ಲ ಶಾಲೆಗಳಲ್ಲಿ ಕಲಿಸಬೇಕೆಂದು ವಿಧಿಸಿತು. ಅದರಿಂದ ಮಗುವಿಗೆ ಪರೀಕ್ಷೆಯ ಕನ್ನಡ ದೊರೆಯಬಹುದು. ಪ್ರೀತಿಯ ಕನ್ನಡ ದೊರೆಯಬೇಕಾದದ್ದು ಬೇರೆ ಕಡೆಯಿಂದ.

ಈ ದಿಕ್ಕಿನಲ್ಲಿ ಯೋಚಿಸುವಾಗ ಚೀನಾ ದೇಶದ ಕಲಾವಿದರೊಬ್ಬರ ಕೆಲಸವು ನಮಗೆ ಅನಿರೀಕ್ಷಿತವಾಗಿ ನೆರವಾಗುತ್ತದೆ. ಅವರ ಹೆಸರು ಷೂ ಬಿಂಗ್, ಹುಟ್ಟಿದ್ದು ೧೯೫೫ರಲ್ಲಿ. ಅವರು ಮಾಡುವುದು ಇಂದು 'ಪ್ರತಿಷ್ಠಾಪನ ಕಲೆ' ಎಂದು ಕರೆಯಲ್ಪಡುವ ಪ್ರಕಾರದ ಕೃತಿಗಳನ್ನು. ಹೆಸರು ಭಾರವಾಗಿದ್ದರೂ ವಿಷಯ ನಮಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದನ್ನು ಕಂಡವರೆಲ್ಲ ಇದನ್ನು ಬಲ್ಲರು. ಗೋಡೆಗೆ ತೂಗುಹಾಕಿದ ಒಂದು ಚಿತ್ರವನ್ನು ದೂರದಿಂದ ನೋಡುವುದಲ್ಲ. ಒಂದು ಕೋಣೆಯನ್ನೇ ವಸ್ತುಗಳಿಂದ ಒಂದು ಲೋಕವಾಗಿಸಿ, ನೋಡುವವರನ್ನು ಅದರೊಳಗೆ ಬರಮಾಡಿಕೊಳ್ಳುವುದು. ಕೆಲವು ದಿನಗಳ ಮೇಲೆ ಅದನ್ನು ಬಿಚ್ಚಿ ಪೆಟ್ಟಿಗೆಗೆ ಸೇರಿಸುವುದೂ ಗೊಂಬೆಗಳಂತೆಯೇ.

ಷೂ ಬಿಂಗರ ತಾಯಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದರು. ಆದ್ದರಿಂದ ಅವರು ಓದಲು ಕಲಿಯುವ ಮೊದಲೇ ಪುಸ್ತಕಗಳ ನಡುವೆ ಬೆಳೆದರು. ಅಕ್ಷರ ಕಲಿಯತೊಡಗಿದ ಮೇಲೆ ಮತ್ತೊಂದು ಸಂಕಟ: ಚೀನಾ ಸರ್ಕಾರವು ಆ ವರ್ಷಗಳಲ್ಲಿ ಲಿಪಿಯನ್ನು ಸರಳಗೊಳಿಸುತ್ತಿತ್ತು, ಕಲಿತದ್ದನ್ನು ಮರೆತು ಹೊಸದನ್ನು ಕಲಿಯಬೇಕಾಗುತ್ತಿತ್ತು. ೧೯೮೮ರಲ್ಲಿ ಬೀಜಿಂಗಿನಲ್ಲಿ ಅವರು ಪ್ರದರ್ಶಿಸಿದ 'ಆಕಾಶದಿಂದ ಬಂದ ಪುಸ್ತಕ' ಎಂಬ ಕೃತಿಯ ಮೂಲ ಈ ಬಾಲ್ಯದಲ್ಲಿಯೇ ಇರಬೇಕೆಂದು ನನಗೆ ತೋರುತ್ತದೆ. ಸಭಾಂಗಣದ ನೆಲದ ಮೇಲೆ ತೆರೆದಿಟ್ಟ ಪುಸ್ತಕಗಳು, ಮೇಲಿನಿಂದ ಇಳಿಬಿದ್ದ ಉದ್ದನೆಯ ಕಾಗದದ ಸುರುಳಿಗಳು, ಎಲ್ಲೆಲ್ಲೂ ಅಚ್ಚುಕಟ್ಟಾದ ಚೀನೀ ಅಕ್ಷರಗಳು. ಆದರೆ ಅವುಗಳಲ್ಲಿ ಒಂದೂ ನಿಜವಾದ ಅಕ್ಷರವಲ್ಲ! ಸುಮಾರು ೪೦೦೦ ಅಕ್ಷರಗಳನ್ನು ಕಲಾವಿದರು ತಾವೇ ಕಲ್ಪಿಸಿ ಮರದಲ್ಲಿ ಕೊರೆದಿದ್ದರು. ಚೀನೀ ಪಂಡಿತರೂ ಅದರ ಮುಂದೆ ನಿರಕ್ಷರಿಗಳಂತೆ ನಿಂತರು.

ಬೇಗೂರಿನ ಕಲ್ಲಿನ ಮುಂದೆ ನಿಂತ ನಮ್ಮ ಮಕ್ಕಳ ಅನುಭವ ಇದೇ. ವಚನ ಸಂಪುಟವನ್ನು ತೆರೆದಿಟ್ಟಾಗಲೂ ಅವರಿಗೆ ಅದು ಆಕಾಶದಿಂದ ಬಂದ ಪುಸ್ತಕವೇ.

ಆದರೆ ಷೂ ಬಿಂಗರು ಅಲ್ಲಿಗೇ ನಿಲ್ಲಲಿಲ್ಲ. ೧೯೯೦ರಲ್ಲಿ ಅಮೆರಿಕಕ್ಕೆ ಹೋದ ಅವರು, ಆ ದಶಕದ ನಡುವಿನಲ್ಲಿ ಮೊದಲಿನ ಕೃತಿಗೆ ಉತ್ತರವೋ ಎಂಬಂತೆ ಇನ್ನೊಂದನ್ನು ರಚಿಸಿದರು. ಈ ಸಲ ಪ್ರದರ್ಶನದ ಕೋಣೆಯೇ ಒಂದು ಶಾಲೆ. ಮೇಜುಗಳ ಮೇಲೆ ಕುಂಚ, ಮಸಿ, ತಿದ್ದುವ ಪುಸ್ತಕ. ನೋಡಲು ಬಂದವರು ಕುಳಿತು ತಿದ್ದಬೇಕು. ಚೀನೀ ಬರಹದಂತೆ ಕಾಣುವ ಆ ಚೌಕ ಅಕ್ಷರಗಳನ್ನು ತಿದ್ದುತ್ತ ಹೋದಂತೆ, ಅವು ಇಂಗ್ಲಿಷ್ ಅಕ್ಷರಗಳನ್ನೇ ಚೌಕದೊಳಗೆ ಜೋಡಿಸಿದ ಪದಗಳೆಂದು ಬೆರಳಿಗೇ ಹೊಳೆಯುತ್ತದೆ. ತಿದ್ದುವ ಪಾಠವಾಗಿ ಕಲಾವಿದರು ಆರಿಸಿಕೊಂಡದ್ದು ಯಾವ ಮಹಾಕಾವ್ಯವನ್ನೂ ಅಲ್ಲ, ಎಳೆಯ ಮಕ್ಕಳ ಶಿಶುಪ್ರಾಸಗಳನ್ನು. ಕಾವ್ಯ, ಭಾಷಾಭ್ಯಾಸ, ಬಾಲ್ಯ ಮೂರೂ ಹೀಗೆ ಒಂದೇ ಕೋಣೆಯಲ್ಲಿ ಸೇರಿದವು. ಓದಬಲ್ಲ ದೊಡ್ಡವರು ಒಂದು ಗಳಿಗೆ ಓದಲಾರದ ಶಿಶುಗಳಾಗಿ, ಬೆರಳಿನಿಂದ ಮತ್ತೆ ಮೊದಲಿಟ್ಟರು.

ಇದನ್ನು ಓದಿದಾಗ ನಮ್ಮ ಕಡೆಯ ಹಿರಿಯರಿಗೆ ತಮ್ಮ ಅಯ್ಯಗಳ ಮಠದ ನೆನಪಾಗದಿರದು. ಅಕ್ಷರವನ್ನು ಬೆರಳಿಗೆ ಮೊದಲು, ಬಾಯಿಗೆ ಆಮೇಲೆ ಕಲಿಸುವುದು ಕನ್ನಡ ನಾಡಿನ ಹಳೆಯ ಪದ್ಧತಿ. ಇದಕ್ಕೆ ಒಳ್ಳೆಯ ದಾಖಲೆಯೂ ಇದೆ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಮದರಾಸಿಗೆ ಕಳುಹಿಸಿದ ವರದಿಯಲ್ಲಿ ತನ್ನ ಜಿಲ್ಲೆಯ ೫೩೩ ಊರಶಾಲೆಗಳನ್ನೂ ಅಲ್ಲಿ ಓದುತ್ತಿದ್ದ ೬,೬೪೧ ಮಕ್ಕಳನ್ನೂ ಲೆಕ್ಕಕ್ಕೆ ತಂದಿದ್ದಾನೆ. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಇಂಗ್ಲಿಷಿನದು ಒಂದೇ ಒಂದು.

ಮಗುವಿಗೆ ಐದು ವರ್ಷ ತುಂಬಿದೊಡನೆ ಮನೆಗೆ ಗುರುಗಳನ್ನೂ ಶಾಲೆಯ ಮಕ್ಕಳನ್ನೂ ಆಮಂತ್ರಿಸಿ, ಗಣಪತಿಯ ಮುಂದೆ ಕೂರಿಸಿ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ದೇವರ ನಾಮವನ್ನು ಬರೆಸುತ್ತಿದ್ದರಂತೆ. ಮರುದಿನದಿಂದ ಶಾಲೆ. ಬೆಳಗಿನ ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಛಡಿಯೇಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದಕ್ಕೆ. (ಕೊನೆಗೆ ಬಂದವನ ಗತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು, ಆ ಭಾಗವನ್ನು ಪುನರುಜ್ಜೀವನಗೊಳಿಸಬೇಕೆಂದು ಯಾರೂ ಹೇಳಲಾರರು.) ಮೊದಲು ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ, ಆಮೇಲೆ ಹಲಗೆ, ಕಾಗದ, ಓಲೆ, ಕಡತ. ಕಡತವೆಂದರೆ ಅಂಟು ಹಾಕಿ ಗಟ್ಟಿಮಾಡಿ, ಇದ್ದಿಲಿನ ಲೇಪದಿಂದ ಕಪ್ಪುಗೊಳಿಸಿ, ಪುಸ್ತಕದಂತೆ ಮಡಿಸಿದ ಬಟ್ಟೆ. ಬಳಪದಿಂದ ಅದರ ಮೇಲೆ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು. ಮುಂದಿನ ತರಗತಿಯ ಮಕ್ಕಳು ಹಿಂದಿನವರಿಗೆ ಕಲಿಸುವ ಕ್ರಮವನ್ನು ಕಂಡು ಆ ಅಧಿಕಾರಿ ಬೆರಗಾಗಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ತಕ್ಕದ್ದೇ ಎಂದು ಒಪ್ಪಿಕೊಂಡಿದ್ದಾನೆ.

ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಆ ವರದಿಯಲ್ಲಿದೆ. ಲಿಂಗಧಾರಿಗಳ ಮಕ್ಕಳು ಶಾಲೆಯಲ್ಲಿ ಓದುತ್ತಿದ್ದ ಗ್ರಂಥಗಳ ಪಟ್ಟಿಯಲ್ಲಿ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವಪುರಾಣಗಳ ಹೆಸರುಗಳಿವೆ. ಇಂದು ಸ್ನಾತಕೋತ್ತರ ತರಗತಿಗಳಲ್ಲಿ ಇಡುವ ಕಾವ್ಯಗಳು ಅಂದು ಊರಶಾಲೆಯ ಬಾಲಕರ ಕೈಯಲ್ಲಿದ್ದವು! ಅಕ್ಷರಾಭ್ಯಾಸಕ್ಕೆ ಕನ್ನಡದಲ್ಲಿ 'ಓನಾಮ' ಎಂಬ ಹೆಸರೇ ಬಂದದ್ದು 'ಓಂ ನಮಃ ಶಿವಾಯ' ಎಂಬ ಮಂತ್ರದಿಂದ ಕಲಿಕೆಯನ್ನು ಆರಂಭಿಸುತ್ತಿದ್ದುದರಿಂದ. ಮಗು ಬರೆದ ಮೊದಲ ಸಾಲು ಷಡಕ್ಷರಿಯೇ ಆಗಿತ್ತು.

ಇಷ್ಟು ಹೇಳಿ, ಹಿಂದಿನದೆಲ್ಲ ಚಿನ್ನವೆಂದು ಮುಗಿಸಿಬಿಡುವುದು ನ್ಯಾಯವಲ್ಲ. ಅದೇ ಕ್ಯಾಂಪ್‌ಬೆಲ್ ಒಂದು ಕಠಿಣವಾದ ಆಕ್ಷೇಪವನ್ನೂ ಎತ್ತಿದ್ದಾನೆ. ಮಕ್ಕಳು ಪದ್ಯಗಳನ್ನು ಗಿಳಿಪಾಠ ಮಾಡುತ್ತಾರೆ, ಅರ್ಥ ಮಾತ್ರ ಅವರಿಗೆ ತಿಳಿಯದು. ಕಾವ್ಯದ ಭಾಷೆ ಬೇರೆ, ಮನೆಯ ಮಾತು ಬೇರೆ. ಎಷ್ಟೋ ಕಡೆ ಕಲಿಸುವವರಿಗೇ ಅರ್ಥ ಗೊತ್ತಿಲ್ಲ ಎಂಬುದು ಅವನ ದೂರು. ಆಳುವವರ ಕಣ್ಣಿನಿಂದ ಬಂದ ಮಾತಾದರೂ ಇದರಲ್ಲಿ ಸತ್ಯವಿದೆ. ಇಂಗ್ಲಿಷ್ ಲಿಪಿಯ ಚೀಟಿ ಹಿಡಿದು ವಚನ ಒಪ್ಪಿಸುವ ಮಗುವಿಗೂ, ೧೮೨೩ರ ಬಳ್ಳಾರಿಯ ಆ ಮಗುವಿಗೂ ಈ ಒಂದು ವಿಷಯದಲ್ಲಿ ಹೆಚ್ಚು ಅಂತರವಿಲ್ಲ. ಅಂದಿನವನು ಅಕ್ಷರವನ್ನು ಬಲ್ಲವನಾಗಿದ್ದನು, ಅರ್ಥವನ್ನು ಕಾಣದಿದ್ದನು. ಇಂದಿನವನಿಗೆ ಎರಡೂ ತಪ್ಪಿವೆ.

ಪೂಜಿಸುವುದು ಬೇರೆ, ಓದುವುದು ಬೇರೆ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ವೃತ್ತಿ ನಡೆಸುತ್ತಲೇ ಊರೂರು ತಿರುಗಿ ವಚನದ ಓಲೆಗರಿಗಳನ್ನು ಕೂಡಿಹಾಕಿದಾಗ, ಅವುಗಳಲ್ಲಿ ಎಷ್ಟೋ ಕಟ್ಟುಗಳು ಜಗುಲಿಯ ಮೇಲೆ ವಿಭೂತಿ ಪತ್ರಿಗಳ ನಡುವೆ ಪೂಜೆಗೊಳ್ಳುತ್ತ, ಬಿಚ್ಚದೆ ಉಳಿದಿದ್ದವು. ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದ ಮೇಲೆಯೇ ಅವು ಓದುವವರ ಕೈಗೆ ಬಂದವು. ೧೯೯೩ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವು ೧೫ ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಹೊರತಂದಿತು. ಅವು ನಮ್ಮ ಅನೇಕ ಮನೆಗಳ ಗಾಜಿನ ಬೀರುಗಳಲ್ಲಿ ಇವೆ. ಬೀರು ಕೂಡ ಒಂದು ಜಗುಲಿಯಾಗದಂತೆ ನೋಡಿಕೊಳ್ಳಬೇಕಾದವರು ನಾವು.

ಶಾಸನಶಿಲೆಗಳ ಪಾಡೂ ಇಂಥದ್ದೇ. ಊರ ಹೊರಗಿನ ಎಷ್ಟೋ ಕಲ್ಲುಗಳು ಎಣ್ಣೆ, ಅರಿಸಿನ, ಕುಂಕುಮ, ಸುಣ್ಣಗಳ ಪದರದಡಿಯಲ್ಲಿ ಅಕ್ಷರವನ್ನೇ ಕಳೆದುಕೊಂಡಿವೆ. ಇನ್ನೆಷ್ಟೋ ಚರಂಡಿಯ ಚಪ್ಪಡಿಗಳಾಗಿವೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನವು ಕ್ರಿ.ಶ. ೭೫೦ರ ಸುಮಾರಿನದು, ಗಂಗ ಶ್ರೀಪುರುಷನ ಕಾಲದ್ದು. ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ಹೇಳಲಾಗುತ್ತಿದೆ. ಅದನ್ನು ಉಳಿಸಿಕೊಳ್ಳಲು ಮುಂದೆ ಬಂದವರು ಸಾಮಾನ್ಯ ನಾಗರಿಕರು. ಅದಾದ ಮೇಲೆ, ೨೦೨೧ರಿಂದ, ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಹಾಗೂ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳ ಪ್ರತಿಬಿಂಬವಾಗಿ ಗಣಕಯಂತ್ರದಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿದೆ. ಸವೆದುಹೋದ ಅಕ್ಷರವೂ ಅದರಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಒಂದೊಂದು ಅಕ್ಷರದ ಚಿತ್ರವನ್ನೂ ಬೇರ್ಪಡಿಸಿ ಆಸಕ್ತರಿಗೆ ಒದಗಿಸಲಾಗುತ್ತಿದೆ. ಇದು ವಿದ್ವಾಂಸರಿಗಷ್ಟೇ ಉಪಯುಕ್ತವೆಂದು ಭಾವಿಸಬೇಕಾಗಿಲ್ಲ. ಒಂದನೆಯ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಸಿಗುವುದು ಕಷ್ಟ.

ಬೇಗೂರಿನಲ್ಲಿಯೇ ಇಂಥದೊಂದು ಅಕ್ಷರಮನೆ ಏಕಾಗಬಾರದು? ಬಸವ ಜಯಂತಿಗೋ ಶ್ರಾವಣಕ್ಕೋ ನಾಲ್ಕು ದಿನ, ಬಡಾವಣೆಯ ಸಮುದಾಯ ಭವನದಲ್ಲಿ ಅಥವಾ ಮಠದ ಪಡಸಾಲೆಯಲ್ಲಿ, ಗೊಂಬೆ ಕೂರಿಸುವಷ್ಟೇ ಖರ್ಚಿನಲ್ಲಿ ಇದು ಸಾಧ್ಯ. ಬಾಗಿಲಲ್ಲಿಯೇ ಮರಳಿನ ತಟ್ಟೆ ಇರಲಿ. ಮಗು ತನ್ನ ಹೆಸರಿನ ಮೊದಲ ಅಕ್ಷರವನ್ನು ಬೆರಳಿನಿಂದ ಬರೆದು ಒಳಗೆ ಬರಲಿ. ಒಂದೇ ಅಕ್ಷರವು ಶತಮಾನದಿಂದ ಶತಮಾನಕ್ಕೆ ರೂಪ ಬದಲಿಸಿದ್ದನ್ನು ಕೈಯಾಡಿಸಿ ನೋಡುವಷ್ಟು ದೊಡ್ಡದಾಗಿ ಮಣ್ಣಿನಲ್ಲೋ ಮರದಲ್ಲೋ ಮಾಡಿಸಿಡಬಹುದು. ನಮ್ಮ ಅಕ್ಷರಗಳು ದುಂಡಾದದ್ದು ಓಲೆಗರಿಯ ಕಾರಣದಿಂದ ಎಂಬ ಮಾತುಂಟು: ಕಂಠವು ಎಳೆಯುವ ನೇರ ಗೆರೆಗೆ ಗರಿ ಸೀಳುತ್ತದೆ. ಒಂದು ತಾಳೆಗರಿಯನ್ನೂ ಒಂದು ಕಂಠವನ್ನೂ ಕೊಟ್ಟರೆ ಮಗು ಇದನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಒತ್ತಕ್ಷರವೆಂದರೆ ಮಕ್ಕಳಿಗೆ ಭಯ. ಒಂದರ ಕೆಳಗೊಂದು ಕೂಡಿಸುವ ಮರದ ತುಂಡುಗಳಾಗಿ ಅವು ಕೈಗೆ ಬಂದರೆ ಭಯಕ್ಕೆ ಎಡೆಯಿಲ್ಲ.

ಇನ್ನು ವಚನಗಳ ಭಾಗ. ಇಲ್ಲಿ ಶರಣರ ಕಾಯಕಗಳೇ ನಮಗೆ ದಾರಿ ತೋರುತ್ತವೆ. ಜೇಡರ ದಾಸಿಮಯ್ಯನ ಮಗ್ಗದ ಲಾಳಿ, ನುಲಿಯ ಚಂದಯ್ಯನ ಹಗ್ಗ, ಮೇದಾರ ಕೇತಯ್ಯನ ಬಿದಿರ ಬುಟ್ಟಿ, ಅಂಬಿಗರ ಚೌಡಯ್ಯನ ಹುಟ್ಟು, ಆಯ್ದಕ್ಕಿ ಲಕ್ಕಮ್ಮನ ಅಕ್ಕಿ, ಮಡಿವಾಳ ಮಾಚಿದೇವನ ಮಡಿಗಂಟು. ವಸ್ತುವನ್ನು ಮುಟ್ಟಿದ ಮಗುವಿಗೆ ಅದರ ಬಳಿಯಲ್ಲಿರುವ ವಚನದ ಅರ್ಥ ಅರ್ಧ ತಿಳಿದಂತೆಯೇ. ಕ್ಯಾಂಪ್‌ಬೆಲ್‌ನ ಆಕ್ಷೇಪಕ್ಕೆ ಇದೇ ತಕ್ಕ ಉತ್ತರವೆಂದು ನಾನು ತಿಳಿಯುತ್ತೇನೆ. ವಚನದ ಕೊನೆಯ ಅಂಕಿತವನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟು, ಯಾರ ವಚನಕ್ಕೆ ಯಾವ ಅಂಕಿತವೆಂದು ಹೊಂದಿಸುವ ಆಟ ಕಟ್ಟಬಹುದು. ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ರಾಮನಾಥನೆಂದರೆ ದಾಸಿಮಯ್ಯ, ಕಲಿದೇವನೆಂದರೆ ಮಾಚಿದೇವ. ಚೌಡಯ್ಯನದು ಮಾತ್ರ ತನ್ನದೇ ಹೆಸರು. ಅದೇಕೆಂದು ಮಗು ಕೇಳಿದರೆ ಅಂದಿನ ಪಾಠ ಮುಗಿದಂತೆ, ಏಕೆಂದರೆ ಆ ಪ್ರಶ್ನೆಯಿಂದ ಮಾತು ಎಲ್ಲೆಲ್ಲಿಗೋ ಸಾಗುತ್ತದೆ.

ಒಂದೆರಡು ಎಚ್ಚರಿಕೆಗಳೂ ಅಗತ್ಯ. ಇಂಥ ಕಡೆ ಧ್ವನಿವರ್ಧಕ, ಉದ್ಘಾಟನಾ ಭಾಷಣ, ಬಹುಮಾನ ವಿತರಣೆಗಳು ನುಗ್ಗಿದರೆ ಮಕ್ಕಳು ಮತ್ತೆ ಸಾಲುಕುರ್ಚಿಗಳಿಗೆ ಹಿಂದಿರುಗಬೇಕಾಗುತ್ತದೆ. 'ಮುಟ್ಟಬೇಡಿ' ಎಂಬ ಫಲಕ ಒಂದೂ ಇರಕೂಡದು. ಬೇಗೂರು ರಸ್ತೆಯ ಹೊಸ ವಸತಿ ಸಮುಚ್ಚಯಗಳಲ್ಲಿ ತಮಿಳು, ತೆಲುಗು, ಹಿಂದಿ, ಬಂಗಾಳಿ ಮನೆಮಾತಿನ ಮಕ್ಕಳೂ ಇದ್ದಾರೆ, ಅವರನ್ನು ಕರೆಯಲೇಬೇಕು. ನಾಗತ್ತರನ ಕಲ್ಲು ಅವರ ಊರಿನ ಕಲ್ಲೂ ಹೌದು. ಜೊತೆಗೆ, ಸ್ವತಃ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡ ಬರಹ ಮರೆತ ಯುವ ತಾಯಂದಿರು ಮಕ್ಕಳ ನೆಪದಲ್ಲಿ ಬಂದು ಸದ್ದಿಲ್ಲದೆ ಮರಳಿನ ತಟ್ಟೆಯ ಮುಂದೆ ಕುಳಿತರೆ, ಅವರನ್ನು ಗಮನಿಸದಂತೆ ಇದ್ದುಬಿಡುವುದು ಸೌಜನ್ಯ.

ಸ್ಥಾವರ–ಜಂಗಮಗಳ ವಿವೇಕವುಳ್ಳ ನಮ್ಮವರಲ್ಲಿ ಕೆಲವರು, ಗುಡಿಯ ಕಲ್ಲಿನ ಮೇಲೆ ಇಷ್ಟು ಮಮಕಾರವೇಕೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಕಲ್ಲು ಸ್ಥಾವರ, ಸಂದೇಹವಿಲ್ಲ. ಅದರ ಮೇಲಿನ ಮಾತು ಓದುವ ಬಾಯಿ ಸಿಕ್ಕಿದಾಗ ಮಾತ್ರ ಚಲಿಸತೊಡಗುತ್ತದೆ. ಅದನ್ನು ಚಲಿಸುವಂತೆ ಮಾಡುವ ಕೆಲಸಕ್ಕೆ ಎಂಟು ವರ್ಷದ ಹುಡುಗಿಯೊಬ್ಬಳು ಸಾಕು.

ಅಕ್ಷರಮನೆಯಾಗುವವರೆಗೆ ಕಾಯಬೇಕಾದ್ದೂ ಇಲ್ಲ. ರಜೆಯ ದಿನ ಮಕ್ಕಳನ್ನು ಬೇಗೂರಿಗೆ ಕರೆದೊಯ್ಯುವವರು ನಡುಮಧ್ಯಾಹ್ನದ ಹೊತ್ತನ್ನು ಬಿಟ್ಟು, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಹೋಗುವುದು ಒಳಿತು. ಬೆಳಕು ಪಕ್ಕದಿಂದ ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ನಿಂತು ಅಕ್ಷರಗಳು ಎದ್ದು ಕಾಣುತ್ತವೆ. ಬಿಸಿಲಿಲ್ಲದಿದ್ದರೆ ಒಂದು ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಹಿಡಿಯಬಹುದು. ಅಕ್ಷರ ಕಾಣಲೆಂದು ಕಲ್ಲಿನ ಮೇಲೆ ಸೀಮೆಸುಣ್ಣ ತೀಡಬಾರದು, ನೀರು ಸುರಿಯಬಾರದು, ಎಣ್ಣೆ ಹಚ್ಚಬಾರದು. ಮಗುವಿನ ಕೈಗೆ ಒಂದು ಸ್ಲೇಟು, ಬಳಪ ಕೊಟ್ಟು, ಸಾಲುಗಳ ನಡುವೆ ಊರಿನ ಹೆಸರು ಎಲ್ಲಿದೆಯೆಂದು ಹುಡುಕಲು ಬಿಡಿ. ನೀವು ಮೊದಲೇ ಕಂಡಿದ್ದರೂ ತೋರಿಸಬೇಡಿ.